ಮೈ ತುಂಬಲೆಂದು ನುಂಗಿದ ಗುಳಿಗೆ

ನಮ್ಮೂರು ಹಂಗಳದಿಂದ ಚಾಮರಾಜನಗರದ ಹೈಸ್ಕೂಲಿಗೆ ಬಂದಾಗ ನನ್ನ ಪಕ್ಕೆಲುಬುಗಳು ಅಂಗಿಯ ಮೇಲಿಂದಲೇ ಕಾಣುತ್ತಿದ್ದವು. ಹುಡುಗರು ನಗುತ್ತಿದ್ದರು. ಅದಕ್ಕೇ ಗರಡಿಮನೆ ಸೇರಿದೆ. ಅಲ್ಲಿಯ ಉಸ್ತಾದರು ಹಗಲೆಲ್ಲ ಎತ್ತುಗಳಿಗೆ ಲಾಳ ಕಟ್ಟಿ, ಸಂಜೆ ನಮಗೆ ಕುಸ್ತಿ ಕಲಿಸುತ್ತಿದ್ದರು.

"ಸಾಮು ಮಾಡು, ಮುದ್ದೆ ಉಣ್ಣು. ಮೈ ತಾನಾಗೇ ಬತ್ತದೆ ಕಣ್ಲಾ," ಅನ್ನುತ್ತಿದ್ದರು.

ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಸಂತೆಯಲ್ಲಿ ಒಬ್ಬ ಪಾದರಸ ಸುಟ್ಟು ಮಾಡಿದ್ದೆಂದು ಕರಿ ಗುಳಿಗೆ ಮಾರುತ್ತಿದ್ದ. ಗರಡಿಯ ಕೆಲವು ಹುಡುಗರು ಉಸ್ತಾದರಿಗೆ ತಿಳಿಯದಂತೆ ನುಂಗುತ್ತಿದ್ದರು. ನಾನೂ ಶುರುಮಾಡಿದೆ. ಕೆಲವು ವಾರಗಳಲ್ಲೇ ಕೆನ್ನೆ, ತೋಳು ತುಂಬಿಕೊಂಡವು. ಶಾಲೆಯಲ್ಲಿ ಪೈಲ್ವಾನ್ ಅಂದರು. ಅದು ಬರೀ ಬಾವು ಎಂದು ಆಗ ಯಾರಿಗೆ ಗೊತ್ತು? ಕೈ ನಡುಗಿದರೆ ಸಾಮಿನ ಆಯಾಸವೆಂದುಕೊಂಡೆ.

ಗುಂಡ್ಲುಪೇಟೆಯಲ್ಲಿ ಹುಡುಗರ ಕುಸ್ತಿ ಏರ್ಪಟ್ಟಿತು. ಅಪ್ಪ ಊರಿನವರನ್ನೆಲ್ಲ ಕಟ್ಟಿಕೊಂಡು ನೋಡಲು ಬಂದಿದ್ದರು. ಎದುರಾಳಿ ಭೀಮನಬೀಡಿನವನು, ನನಗಿಂತ ಚಿಕ್ಕವನು. ಅವನು ಸೊಂಟ ಹಿಡಿದು ಒತ್ತಿದ್ದಷ್ಟೇ, ಮಣ್ಣಿನ ಮೇಲೆ ವಾಂತಿ ಮಾಡಿಕೊಂಡೆ. ಲಂಗೋಟಿಯೂ ಒದ್ದೆಯಾಯಿತು. ಜನ ಕೇಕೆ ಹಾಕಿ ನಕ್ಕರು. ಆ ಹುಡುಗ ಓಡಿಹೋಗಿ ತನ್ನ ಟವಲ್ ತಂದು ನನ್ನ ಸೊಂಟಕ್ಕೆ ಸುತ್ತಿದ. ನಕ್ಕವರಿಗಿಂತ ಅವನ ಕಡೆ ನೋಡುವುದೇ ನನಗೆ ಕಷ್ಟವಾಯಿತು.

ಉಸ್ತಾದರು ನನ್ನ ಬಾಯಿ ಬಿಡಿಸಿ ನೋಡಿದರು. ವಸಡೆಲ್ಲ ಕಪ್ಪಾಗಿ ರಕ್ತ ಜಿನುಗುತ್ತಿತ್ತು.

"ಏನ್ಲಾ ತಿಂದೆ? ನಿಜ ಯೋಳು."

"ಗುಳಿಗೆ, ಉಸ್ತಾದ್ರೇ."

ಅವರು ಅಪ್ಪನ ಕಡೆ ತಿರುಗಿ, "ಸ್ವಾಮಿ, ತಪ್ಪು ನಂದು. ನಾ ಸರಿಯಾಗಿ ನೋಡ್ಕಳ್ನಿಲ್ಲ," ಎಂದು ಅಷ್ಟು ಜನರೆದುರು ಕೈಮುಗಿದರು. ನಾನು ತಲೆಯೆತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗೆಯ ಪಾದರಸದಿಂದ ಮೂತ್ರಪಿಂಡ ಕೆಟ್ಟಿದೆ ಎಂದರು. ಬಾವು ಇಳಿದಾಗ ಮೊದಲಿಗಿಂತ ಸೊರಗಿದ್ದೆ. ಮುಂದಿನ ಹಲ್ಲುಗಳೂ ಉದುರಿದ್ದವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಅಪ್ಪ ಮೆಲ್ಲಗೆ ಕೇಳಿದರು:

"ನೀ ಸಣ್ಣಕಿದ್ದೀಯ ಅಂತ ನಾ ಯಾವತ್ತಾರ ಅಂದಿದ್ನ ಮಗ?"

ಇಲ್ಲವೆಂದು ತಲೆಯಾಡಿಸಿದೆ.

ಗುಳಿಗೆ ನುಂಗುತ್ತಿದ್ದ ಹುಡುಗರನ್ನೆಲ್ಲ ಉಸ್ತಾದರು ಮನೆಮನೆಗೆ ಹೋಗಿ ಹುಡುಕಿ ಆ ಚಟ ಬಿಡಿಸಿದರಂತೆ. ಶಾಲೆಯ ಮಕ್ಕಳನ್ನು ಮತ್ತೆ ಗರಡಿಗೆ ಸೇರಿಸಲಿಲ್ಲ. ಒಮ್ಮೆ ನನ್ನನ್ನು ನೋಡಲೂ ಬಂದರು. ಬಾಗಿಲಲ್ಲಿ ಅವರನ್ನು ಕಂಡೊಡನೆ ಮುಖದ ಮೇಲೆ ಕಂಬಳಿ ಎಳೆದುಕೊಂಡು, ನಿದ್ದೆ ಬಂದವನಂತೆ ಮಲಗಿದೆ. ಅವರು ತುಂಬ ಹೊತ್ತು ಕೂತಿದ್ದು, ನನ್ನ ಕಾಲಿನ ಹತ್ತಿರ ಕಿತ್ತಳೆಹಣ್ಣು ಇಟ್ಟು ಹೊರಟುಹೋದರು.