ಗ್ಲೆನಿಸ್ ಬಾರಿಸದ ಡ್ರಮ್ಮು

ಲಂಡನ್ನಿನ ಡೆಪ್ಟ್‌ಫರ್ಡ್ ಪೇಟೆಯ ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದ ಗ್ಲೆನಿಸ್ ಟ್ಯಾಪ್ಲಿ, ಡ್ರಮ್ ಬಾರಿಸಲು ಕಲಿತದ್ದು ಹದಿನೇಳೇ ದಿನಗಳಲ್ಲಿ. ೧೯೭೬ರ ಬೇಸಿಗೆ ಅದು. ರೇಡಿಯೊ ಹಾಕಿದರೆ ಒಂದೊಂದು ಹಾಡೂ ಮುಗಿಯುವ ಲಕ್ಷಣವೇ ಇರುತ್ತಿರಲಿಲ್ಲ. ನನಗೆ ಬೇಸ್ ಗಿಟಾರಿನಲ್ಲಿ ಮೂರು ಸ್ವರ ಬರುತ್ತಿತ್ತು, ಗೆಳೆಯ ಕ್ಲೈವ್‌ಗೆ ಕಿರುಚಲು ಬರುತ್ತಿತ್ತು. ಅಷ್ಟರಲ್ಲೇ, ನಿಯಮ ಮುರಿಯುವುದೇ ನಿಯಮವಾದ ಪಂಕ್ ಸಂಗೀತದ ತಂಡ ಕಟ್ಟಿ ‘ತುಕ್ಕು’ ಎಂದು ಹೆಸರಿಟ್ಟೆವು.

“ತಾಳ ಓಡ್ತಿದೆ ಕಣೆ,” ಎಂದೆ ಮೊದಲ ದಿನ.

“ಓಡ್ಲಿ ಬಿಡೋ. ನೀನೇನು ದೊಡ್ಡ ವಿದ್ವಾಂಸನಾ?”

ನಿಜಕ್ಕೂ ಓಡುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಅವಳು ನಮ್ಮನ್ನೆಲ್ಲ ಹಿಂದೆ ಹಾಕಿರುತ್ತಿದ್ದಳು. ನಾವು ಹಾಡುತ್ತಿದ್ದ ಪಬ್ಬಿನ ಹಿಂಕೋಣೆಯಲ್ಲಿ ಕುಣಿಯುವವರೂ ಅವಳ ಹಿಂದೆಯೇ ಓಡುತ್ತಿದ್ದರು. ಜನ ಬರುತ್ತಿದ್ದುದು ಅದಕ್ಕೇ.

ಮರುವರ್ಷ ಒಂದು ರೆಕಾರ್ಡ್ ಕಂಪನಿ ನಮ್ಮನ್ನು ಕರೆಯಿತು. ಸ್ಟುಡಿಯೊಗೆ ಹೋದರೆ, ಡ್ರಮ್ಮಿನ ಮುಂದೆ ಗರಿಗರಿ ಅಂಗಿಯ ಅಪರಿಚಿತನೊಬ್ಬ ಕೂತಿದ್ದ.

“ರೆಕಾರ್ಡಿಗೆ ಮಾತ್ರ ಕಣೆ,” ಎಂದ ಕ್ಲೈವ್. ಅವನಿಗೆ ಮೊದಲೇ ಗೊತ್ತಿತ್ತು. “ಸ್ಟೇಜ್ ಮೇಲೆ ನೀನೇ ಬಾರಿಸ್ತೀಯ.”

“ನೆವಿಲ್, ನೀನಾದ್ರೂ ಏನಾದ್ರೂ ಹೇಳೋ!” ಎಂದು ಗ್ಲೆನಿಸ್ ನನ್ನತ್ತ ತಿರುಗಿದಳು.

ನಾನು ತಲೆ ತಗ್ಗಿಸಿ ತಂತಿ ಬಿಗಿ ಮಾಡುತ್ತ ಕೂತೆ.

ರೆಕಾರ್ಡಿನ ಹೊದಿಕೆಯ ಮೇಲೆ ಮಾತ್ರ ಅವಳದೇ ಮುಖ ಬಂತು. ಪತ್ರಿಕೆಯೊಂದು ಅವಳ ಕೈಚಳಕವನ್ನು ಹೊಗಳಿ ಅರ್ಧ ಪುಟ ಬರೆಯಿತು. ಬಾರಿಸಿದ್ದು ತಾನಲ್ಲ ಎಂದು ಗ್ಲೆನಿಸ್ ಕಾಗದ ಬರೆದಳು. ಅವರು ಅದನ್ನು ನಗೆಹನಿಗಳ ಜೊತೆ ಅಚ್ಚು ಹಾಕಿದರು.

ಅಷ್ಟರಲ್ಲಿ, ಪಂಕಿನವರು ಕೈಯಾರೆ ಹರಿದು ತೊಡುತ್ತಿದ್ದಂಥ ಹರಕು ಅಂಗಿಗಳು ಅಂಗಡಿಯಲ್ಲೇ ಸಿಗತೊಡಗಿದ್ದವು. ಅವನ್ನು ತೊಟ್ಟ ಹುಡುಗಿಯರು ಹಸ್ತಾಕ್ಷರಕ್ಕೆ ಬಂದರೆ ಗ್ಲೆನಿಸ್ ತನ್ನ ಚಿತ್ರದ ಮೇಲೆ, ‘ಇದರಲ್ಲಿ ಬಾರಿಸಿದ್ದು ನಾನಲ್ಲ’ ಎಂದು ಬರೆದುಕೊಡುತ್ತಿದ್ದಳು.

“ಅಬ್ಬಾ, ಏನ್ ಪಂಕ್ ಕಣೇ ಇವ್ಳು!” ಎಂದು ಅವರು ಕೇಕೆ ಹಾಕುತ್ತಿದ್ದರು.

“ನಿಜ ಹೇಳಿದ್ರೂ ನಗ್ತಾರಲ್ಲೋ! ಇನ್ನು ಹೇಗೆ ಹೇಳ್ಬೇಕು ಇವರಿಗೆ?” ಎಂದು ಅವಳು ನನ್ನ ಮೇಲೆ ರೇಗುತ್ತಿದ್ದಳು.

೧೯೭೮ರಲ್ಲಿ ಕವೆಂಟ್ರಿಯ ಸಭಾಂಗಣವೊಂದರಲ್ಲಿ ಎರಡನೆಯ ಹಾಡಿಗೇ ಜನ ಗಲಾಟೆ ಎಬ್ಬಿಸಿದರು. “ರೆಕಾರ್ಡಲ್ಲಿದ್ದ ಹಾಗೆ ಬಾರಿಸೇ!” ಎಂದು ಒಬ್ಬ ಅರಚಿದ. ಗ್ಲೆನಿಸ್ ಕೈ ನಿಲ್ಲಿಸಿದಳು. ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು, ಕೋಟು ಹಾಕಿಕೊಂಡು, ಜನರ ನಡುವಿನಿಂದಲೇ ಹೊರನಡೆದಳು. ಅದೂ ಆಟದ ಭಾಗವೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು.

ಅವಳು ಮರಳಲಿಲ್ಲ. ಆರು ತಿಂಗಳಲ್ಲಿ ತಂಡ ಮುರಿಯಿತು. ಕ್ಲೈವ್ ತಲೆ ಬಾಚಿಕೊಂಡು ಪ್ರೇಮಗೀತೆಗಳಿಗೆ ಇಳಿದ. ಪಬ್ಬಿನವನು ಹಿಂಕೋಣೆಗೆ ಬಿಲಿಯರ್ಡ್ಸ್ ಮೇಜು ತಂದು ಹಾಕಿದ. ಅವಳ ಬಾರಿಸುವಿಕೆಯ ಒಂದೇ ಒಂದು ಟೇಪು ನನ್ನಲ್ಲಿತ್ತು. ನನ್ನ ಅಕ್ಕ ಅದರ ಮೇಲೆ ಕ್ರಿಸ್‌ಮಸ್ ಹಾಡುಗಳನ್ನು ತುಂಬಿಸಿಬಿಟ್ಟಳು.

ಎಂಟು ವರ್ಷಗಳ ಮೇಲೆ ಲೂಯಿಶಮ್‌ನಲ್ಲಿ ಬಸ್ ಹತ್ತಿದಾಗ ಡ್ರೈವರ್ ಸೀಟಿನಲ್ಲಿ ಗ್ಲೆನಿಸ್ ಇದ್ದಳು.

“ಅವತ್ತು ಸ್ಟುಡಿಯೊದಲ್ಲಿ ನಾನು ಬಾಯಿ ಬಿಡ್ಬೇಕಿತ್ತು,” ಎಂದೆ.

“ಹೌದು, ಬಿಡ್ಬೇಕಿತ್ತು,” ಎಂದಳು. “ಒಳಗೆ ಹೋಗಪ್ಪ, ಹಿಂದೆ ಜನ ನಿಂತಿದಾರೆ.”