ತುಪ್ಪಟದ ಬಟ್ಟೆಗೊಂದು ಸುಂಕದ ನಂಬರು

ಸುಂಕದ ಪುಸ್ತಕ ಓದುವಾಗ ನನಗೆ ಹಸಿವಾಗುವುದಿಲ್ಲ. ಹೀಗೆಂದರೆ ಮನೆಯವರು ನಗುತ್ತಾರೆ, ನಗಲಿ. ಲೋಕದಲ್ಲಿ ಮಾರಾಟವಾಗುವ ಪ್ರತಿ ವಸ್ತುವಿಗೂ ಅದರಲ್ಲೊಂದು ನಂಬರಿದೆ. ಕುದುರೆಗೂ ಇದೆ, ಕುದುರೆ ಕೂದಲಿಗೂ ಇದೆ. ಹೊರದೇಶದಿಂದ ಬಂದ ಸರಕಿಗೆ ಸರಿಯಾದ ನಂಬರು ಹುಡುಕಿ ಕಾಗದ ಬರೆದುಕೊಡುವುದೇ ನನ್ನ ಕೆಲಸ. ಮೊದಲು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಹೊರಗೆ ಕಳಿಸುವವರಿಗೆ ಬರೆಯುತ್ತಿದ್ದೆ. ಈಗ ಚಳ್ಳಕೆರೆಯ ಮನೆಯಲ್ಲೇ ಒಂದು ಮೇಜು, ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ.

ಒಂದು ದಿನ ಆಪಾ ಬಂದು ಆ ಮೇಜಿನ ಮೇಲೆ ಅಂಗೈಯಗಲದ ಬಟ್ಟೆಯ ತುಂಡು ಇಟ್ಟರು. ಆಪಾ ಎಂದರೆ ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಶೆಡ್ ನಡೆಸುವವರು. ಅವರ ಮನೆಯವರು ಲಾರಿ ಸೀಟಿಗೆ ರೆಕ್ಸಿನ್, ಲೋಡಿಗೆ ತಾಡಪಾಲು ಹೊಲಿದುಕೊಂಡು ಬಂದವರು. ಇವರೋ, ಹಿಮದ ಮೇಲೆ ಜಾರುವ ಆಟ ಕಲಿಸುವ ಹಿಮಾಚಲದ ಶಿಬಿರವೊಂದಕ್ಕೆ ಜಾಕೆಟ್ ಹೊಲಿದುಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದರು. ಬೇಸಿಗೆಯಲ್ಲಿ ಟಾರು ಕರಗುವ ನಮ್ಮೂರಲ್ಲಿ ಹಿಮದ ಜಾಕೆಟ್! ನನಗೆ ಕುಣಿಯುವಷ್ಟು ಖುಷಿಯಾಯಿತು. ತರಿಸಿದ ಬಟ್ಟೆ ಚೆನ್ನೈ ಬಂದರಿಗೆ ಬಂದು ಕೂತಿತ್ತು. ಹಿಮ ಬೀಳುವುದರೊಳಗೆ ಜಾಕೆಟ್ ಮುಟ್ಟಬೇಕು. ತಪ್ಪಿದರೆ ಶಿಬಿರದವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಹೆಣಿಗೆಯ ಬಟ್ಟೆ ಅದು. ಗಾಳಿ, ನೀರು ತಡೆಯಲೆಂದು ಒಂದು ಬದಿಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿಸಿದ್ದರು. ಇನ್ನೊಂದು ಬದಿ ಮೆತ್ತನೆಯ ತುಪ್ಪಟ. ಹೀಗೆ ಅಂಟಿಸಿದ ಪ್ಲಾಸ್ಟಿಕ್ ಬರಿಗಣ್ಣಿಗೆ ಕಂಡರೆ ಬಟ್ಟೆ ಪುಸ್ತಕದ ಐವತ್ತೊಂಬತ್ತನೇ ಅಧ್ಯಾಯಕ್ಕೆ ಹೋಗುತ್ತದೆ. ಆದರೆ ಅಲ್ಲೊಂದು ಸಣ್ಣ ಟಿಪ್ಪಣಿ ಇದೆ, ಅಂಥ ಟಿಪ್ಪಣಿಗಳೆಂದರೆ ನನಗೆ ಪ್ರಾಣ. ತುಪ್ಪಟಕ್ಕೆಂದೇ ಬೇರೆ ನೂಲು ಕೊಟ್ಟು ಹೆಣೆದಿದ್ದರೆ, ಎಷ್ಟೇ ಪ್ಲಾಸ್ಟಿಕ್ ಅಂಟಿಸಿದರೂ ಅದು ಅರವತ್ತನೇ ಅಧ್ಯಾಯದಲ್ಲೇ ಉಳಿಯುತ್ತದೆ. ಬಟ್ಟೆಯ ಮೈಯನ್ನೇ ಕೆರೆದು ತುಪ್ಪಟ ಎಬ್ಬಿಸಿದ್ದರೆ ಈ ಮಾತು ಅನ್ವಯಿಸುವುದಿಲ್ಲ, ಅದು ಐವತ್ತೊಂಬತ್ತೇ.

ನಾನು ಹುಟ್ಟಿದ್ದು ದೊಡ್ಡಉಳ್ಳಾರ್ತಿ ಕಡೆಯ ಕಂಬಳಿ ನೇಯುವ ಮನೆಯಲ್ಲಿ. ಕಂಬಳಿಯ ತುಪ್ಪಟ ಏಳುವುದು ಅದರ ನೂಲಿನ ಮೈಯಿಂದಲೇ. ಹೊದ್ದಷ್ಟೂ ಏಳುತ್ತದೆ, ತಿಕ್ಕಿದಷ್ಟೂ ಏಳುತ್ತದೆ. ಆಪಾ ತಂದ ತುಂಡಿನ ಮೇಲೆ ಬೆರಳಾಡಿಸಿದೆ, ಇದೂ ಅದೇ ಅನ್ನಿಸಿತು. ಭೂತಗನ್ನಡಿ ಹಿಡಿದು ನೋಡಿದೆ. ಮನಸ್ಸಿನಲ್ಲಿ ಏನಿತ್ತೋ ಕಣ್ಣಿಗೂ ಅದೇ ಕಂಡಿತು. ಐವತ್ತೊಂಬತ್ತು ಎಂದು ಬರೆದು ಕಳಿಸಿದೆ.

ಬಂದರಿನ ಅಧಿಕಾರಿ ಒಪ್ಪಲಿಲ್ಲ. ಇದು ಬೇರೆ ನೂಲಿನ ತುಪ್ಪಟದಂತೆ ಕಾಣುತ್ತದೆ, ವಿವರಣೆ ಕೊಡಿ ಎಂದು ಪತ್ರ ಬಂತು. ಮೈಯೆಲ್ಲ ಉರಿಯಿತು. ಸುಳ್ಳೇಕೆ ಹೇಳಲಿ, ವಾದ ಮಾಡಲು ಒಬ್ಬರು ಸಿಕ್ಕರಲ್ಲ ಎಂದು ಒಳಗೊಳಗೇ ಹಿಗ್ಗೂ ಆಯಿತು. ಮೂರು ಪುಟದ ಉತ್ತರ ಜಡಿದೆ, ಅದರಲ್ಲೊಂದು ಪುಟ ಪೂರ್ತಿ ಕಂಬಳಿಯ ಬಗ್ಗೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಬರೆದೆ. ವಾರಗಳು ಉರುಳಿದವು. ಆಪಾ ಬಂದು ವಿಚಾರಿಸಿದಾಗಲೆಲ್ಲ "ಕಾನೂನಿನ ವಿಷ್ಯ ಆಪಾ, ನೀವು ತಲೆ ಕೆಡಿಸ್ಕೋಬ್ಯಾಡ್ರಿ. ನಾನಿದ್ದೀನಲ್ಲ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದೆ.

ಕೊನೆಗೆ ಅಧಿಕಾರಿ ವಿಡಿಯೊ ವಿಚಾರಣೆ ಇಟ್ಟರು. ಅಲ್ಲೂ ಇತ್ಯರ್ಥವಾಗದಿದ್ದರೆ ಬಟ್ಟೆ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ವರದಿ ಬರುವಷ್ಟರಲ್ಲಿ ಹಿಮವೂ ಬಿದ್ದು, ಆಪಾ ಅವರ ಮೊದಲ ಆರ್ಡರ್ ಕೈತಪ್ಪುತ್ತಿತ್ತು. ನನಗದು ಗೊತ್ತಿತ್ತು. ಆದರೂ ಸೋಲುವ ಮಾತೇ ತಲೆಯಲ್ಲಿರಲಿಲ್ಲ.

ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ಹತ್ತಕ್ಕೇ ಇಸ್ತ್ರಿ ಮಾಡಿದ ಸೀರೆ ಉಟ್ಟು, ಗೋಡೆಗೆ ಮುಖ ಮಾಡಿ ವಾದ ಒಪ್ಪಿಸುತ್ತಿದ್ದೆ. ಹಿಂದಿನ ದಿನ ಊರಿಂದ ಬಂದಿದ್ದ ಅವ್ವ ಮೊರದ ಮುಂದೆ ಶೇಂಗಾ ಬಿಡಿಸುತ್ತಾ ಕೂತಿದ್ದಳು. "ಈ ತುಪ್ಪಟ ಕಂಬಳಿಯ ತುಪ್ಪಟದಂತೆಯೇ" ಎಂದು ನಾನು ಮೂರನೇ ಸಲ ಹೇಳಿದಾಗ ಮೊರ ಪಕ್ಕಕ್ಕೆ ಸರಿಸಿದಳು.

"ಎಲ್ಲಿ, ತಾ ಇಲ್ಲಿ ಆ ತುಂಡು."

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಮೂಲೆಯಲ್ಲಿ ಉಗುರು ಹಾಕಿ ಪ್ಲಾಸ್ಟಿಕ್ ಪೊರೆ ಸುಲಿದು, ಪಿನ್ನಿನ ತುದಿಯಿಂದ ಹೆಣಿಗೆಯ ಒಂದು ಸಾಲು ಬಿಚ್ಚಿದಳು. ಆಮೇಲೆ ನನ್ನ ಕಣ್ಣ ಮುಂದೆ ಹಿಡಿದಳು.

"ನೋಡು, ಒಂದು ಸಾಲಿಗೆ ಎರಡು ಎಳೆ ಬರ್ತಾವೆ. ಇದು ಬೋಳು. ತುಪ್ಪಟ ಇರೋದು ಇದಕ್ಕೆ ಮಾತ್ರ. ಕಂಬ್ಳಿಗೆಲ್ಲೈತೆ ಇಂಥ ಎರಡು ನೂಲು?"

"ಇದು ಮಷಿನ್ ಬಟ್ಟೆ ಕಣವ್ವಾ, ನಿನಗೆ ತಿಳಿಯಲ್ಲ."

"ಮಷಿನ್ ಆದ್ರೇನು, ನೂಲು ನೂಲೇ ಅಲ್ವೇನೇ?"

ಕಿತ್ತುಕೊಂಡು ಇನ್ನೊಂದು ಮೂಲೆಯಲ್ಲಿ ನಾನೇ ಬಿಚ್ಚಿದೆ. ಎರಡು ಎಳೆ. ಮತ್ತೊಂದು ಸಾಲು ಬಿಚ್ಚಿದೆ, ಅಲ್ಲೂ ಎರಡು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಪುಳಕ. ಟಿಪ್ಪಣಿಯಲ್ಲಿ ಓದಿದ್ದು ನನ್ನ ಬೆರಳ ನಡುವೆಯೇ ಬಿಚ್ಚಿಕೊಂಡಿತ್ತು. ಅಧಿಕಾರಿಯೇ ಸರಿ, ನಾನೇ ತಪ್ಪು. ಆಪಾಗೆ ಫೋನ್ ಮಾಡಿ, ಅಧಿಕಾರಿ ಹೇಳುವ ನಂಬರನ್ನೇ ಒಪ್ಪಿಕೊಂಡುಬಿಡಲಾ, ಸುಂಕದಲ್ಲಿ ವ್ಯತ್ಯಾಸ ಆಗಬಹುದು ಎಂದೆ.

"ಯಾವ್ದಾದ್ರೂ ಹಾಕ್ರಿ ಅಕ್ಕಾ, ಬಟ್ಟೆ ಬರ್ಲಿ. ಮಷಿನ್ ಎಲ್ಲಾ ಖಾಲಿ ಕೂತಾವೆ" ಎಂದರು.

ಹನ್ನೊಂದಕ್ಕೆ ಅಧಿಕಾರಿ ಪರದೆಯ ಮೇಲೆ ಬಂದರು. ಕೋಲಾರದ ಕಡೆಯವರಂತೆ, ಕನ್ನಡದಲ್ಲೇ ಮಾತಾಡಿಸಿದರು. ಅವರ ಮುಂದೆ ನನ್ನ ಉತ್ತರಗಳ ಕಟ್ಟೇ ಇತ್ತು. "ಸಾರ್, ನಾನು ಬರೆದದ್ದು ತಪ್ಪು" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಬಿಚ್ಚಿ ತೋರಿಸಲು ಹೋದೆ, ಆತುರಕ್ಕೆ ಜಗ್ಗಿ ಎಳೆ ತುಂಡಾಯಿತು. ಕ್ಯಾಮೆರಾವನ್ನು ಅವ್ವನ ಕಡೆ ತಿರುಗಿಸಿದೆ.

"ಹಿಂಗೆ ಹಿಡ್ಕಬೇಕಪ್ಪಾ. ಜಗ್ಗಬಾರ್ದು, ಮೆತ್ತಗೆ ಬಿಡಿಸ್ಬೇಕು" ಎಂದಳು ಅವ್ವ, ಎದುರಿಗೆ ಕೂತ ಮಗನಿಗೆ ಹೇಳಿಕೊಡುವ ಹಾಗೆ. ಅಧಿಕಾರಿಯೂ ಒಂದು ಪಿನ್ನು ತರಿಸಿಕೊಂಡು ತಮ್ಮ ಹತ್ತಿರವಿದ್ದ ತುಂಡಿನ ಮೇಲೆ ಬಗ್ಗಿದರು. ನಾವಿಬ್ಬರೂ ಅವರ ನೆತ್ತಿ ನೋಡುತ್ತಾ ಕೂತೆವು. "ಬಂತಮ್ಮಾ, ಎರಡು ಬಂತು" ಎಂದು ತಲೆ ಎತ್ತಿದಾಗ ಅವರ ಮುಖವೂ ಅರಳಿತ್ತು. ನಂಬರು ಬದಲಾಯಿತು, ಪ್ರಯೋಗಾಲಯದ ಮಾತು ಅಲ್ಲಿಗೆ ನಿಂತಿತು.

ಬಟ್ಟೆ ಆ ವಾರವೇ ಬಂತು. ನಾನು ಶೆಡ್ಡಿಗೆ ಹೋದಾಗ ಎಲ್ಲ ಮಷಿನ್‌ಗಳೂ ಓಡುತ್ತಿದ್ದವು. ಆ ಸದ್ದು ಕೇಳಿಯೇ ಹೊಟ್ಟೆ ತುಂಬಿತು. ಎರಡು ಪಾಳಿ ಹೊಲಿದರೆ ಹೇಳಿದ ದಿನಕ್ಕೆ ಮುಟ್ಟುತ್ತದೆ ಎಂದರು ಆಪಾ. ಅವರು ಬಟ್ಟೆ ಕತ್ತರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಅಧ್ಯಾಯ, ಟಿಪ್ಪಣಿ, ಕಂಬಳಿ, ಎರಡು ಎಳೆ ಎಲ್ಲವನ್ನೂ ಮೊದಲ ಸಲ ಅವರಿಗೆ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಮತ್ತೆ ಉಮೇದು ಏರಿತು.

ಆಪಾ ಕತ್ತರಿ ನಿಲ್ಲಿಸಿದರು. "ಎರಡು ಎಳೆನಾ? ಅದು ನಿಮಗೆ ಕೊಡೋಕೆ ಸ್ಯಾಂಪಲ್ ಕತ್ತರಿಸಿದ ದಿನಾನೇ ನೋಡಿದ್ನಲ್ಲ ಅಕ್ಕಾ. ಅಂಚಲ್ಲಿ ಬಿಚ್ಕಂಡಿತ್ತು, ಒಂದು ಬೋಳು, ಒಂದು ತುಪ್ಪಟದ್ದು. ಇಷ್ಟು ದಿನ ಬಟ್ಟೆ ನಿಂತಿದ್ದು ಇದಕ್ಕೇನಾ?"

ನಾನು ಹೌದೆಂದು ತಲೆಯಾಡಿಸಿದೆ.

"ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ" ಎಂದು ಆಪಾ ಮತ್ತೆ ಕತ್ತರಿ ಆಡಿಸಿದರು.