ಇನ್ನೂರ ಹದಿನಾಲ್ಕನೇ ಗಾಜಿನ ಪೆಟ್ಟಿಗೆ

ಮಿನೆಗಿಶಿ ಶೋಸಾಕು ಅವರಿಗೆ ಅರವತ್ತೇಳು ವರ್ಷ. ಅವರ ಕಾಲುಗಳಿಗೆ ಮಾತ್ರ ನಿವೃತ್ತಿಯ ಆದೇಶ ಇನ್ನೂ ತಲುಪಿರಲಿಲ್ಲ. ಮೂವತ್ತೆಂಟು ವರ್ಷ ರೈಲು ಹಳಿಯ ಪಕ್ಕದಲ್ಲೇ ನಡೆದು, ಉದ್ದ ಹಿಡಿಯ ಸುತ್ತಿಗೆಯಿಂದ ಬೋಲ್ಟುಗಳನ್ನು ಬಡಿದು, ಸದ್ದು ಕೇಳಿಯೇ ಯಾವುದು ಸಡಿಲವೆಂದು ಹೇಳುವುದು ಅವರ ಕೆಲಸವಾಗಿತ್ತು. ನೌಕರಿ ಮುಗಿದ ಮೇಲೆ ಹಳಿ ತಪ್ಪಿದರು. ತಪ್ಪಿ ಸೀದಾ ಆಟಿಕೆ, ವಿದ್ಯುತ್ ಸಾಮಾನುಗಳ ಪೇಟೆಯಾದ ಅಕಿಹಬಾರಾಕ್ಕೆ ಬಂದರು.

ದಿನಾ ಅದೇ ದಾರಿ. ಹಳದಿ ಪಟ್ಟಿಯ ರೈಲಿನಿಂದ ಇಳಿಯುವುದು, ಹಳಿಗಳ ಕೆಳಗಿನ ಓಣಿಯಲ್ಲಿ ಸ್ವಿಚ್ಚು, ತಂತಿ, ಬಲ್ಬು ಮಾರುವ ಗೂಡಂಗಡಿಗಳ ನಡುವೆ ಅಡ್ಡಡ್ಡ ನುಸುಳುವುದು, ನಾಣ್ಯ ಹಾಕಿದರೆ ಆಟಿಕೆ ಉದುರಿಸುವ ಯಂತ್ರಗಳ ಸಾಲು ದಾಟುವುದು, ಕಾಫಿ ಅಂಗಡಿಯ ಜಾಹೀರಾತು ಚೀಟಿ ಹಂಚುವ ಲೇಸಿನ ಏಪ್ರನ್ನಿನ ಹುಡುಗಿಯರಿಗೆ ಒಬ್ಬೊಬ್ಬರಿಗೂ ತಲೆಬಾಗಿ, ಒಂದೂ ಚೀಟಿ ತೆಗೆದುಕೊಳ್ಳದೆ ನಮ್ಮ ಕಟ್ಟಡದ ಮೂರನೇ ಮಹಡಿ ಹತ್ತುವುದು. ಹನ್ನೊಂದಕ್ಕೆ ನಾನು ಷಟರ್ ಎತ್ತಿದರೆ ಮೊದಲು ಕಾಣುತ್ತಿದ್ದದ್ದು ಅವರ ಬೂಟು. ಆ ಬೂಟುಗಳು ನಿಂತಲ್ಲೇ ನಡೆಯುತ್ತಿದ್ದವು.

ನಮ್ಮದು ಗಾಜಿನ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಗೋಡೆಯುದ್ದಕ್ಕೂ ಮುನ್ನೂರು ಪೆಟ್ಟಿಗೆಗಳು, ಒಂದೊಂದೂ ಮೊಳದಗಲ. ಮನೆಯಲ್ಲಿ ಜಾಗ ಸಾಲದವರು ತಮ್ಮ ಗೊಂಬೆ, ರೋಬೋಟು, ರೈಲುಗಳನ್ನು ತಂದಿಟ್ಟು ಬೆಲೆ ಅಂಟಿಸಿ ಹೋಗುತ್ತಾರೆ. ಬೇಕಾದವರು ನನ್ನನ್ನು ಕರೆಯುತ್ತಾರೆ. ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿದೆ. ಇಟ್ಟವರು ಕೊಂಡವರ ಮುಖ ನೋಡುವುದಿಲ್ಲ. ಹತ್ತೊಂಬತ್ತು ವರ್ಷಗಳಿಂದ ನಾನು ಇಲ್ಲಿ ನಡುವಿನವಳು. ಈಗ ವಯಸ್ಸಿನಲ್ಲೂ.

ಅಂಗಡಿಗೆ ನಿಯಮ ಎರಡೇ. ಪೆಟ್ಟಿಗೆಯಲ್ಲಿರುವ ಪ್ರತಿಯೊಂದಕ್ಕೂ ಬೆಲೆ ಇರಬೇಕು, ‘ಮಾರಾಟಕ್ಕಿಲ್ಲ’ ಎನ್ನುವಂತಿಲ್ಲ. ಮತ್ತೆ, ವಸ್ತುವಿನ ದೋಷಗಳನ್ನೆಲ್ಲ ಚೀಟಿಯಲ್ಲಿ ಬರೆಯಬೇಕು. ‘ಬಲಗೈ ಕಿರುಬೆರಳಿನ ಬಣ್ಣ ಹೋಗಿದೆ.’ ‘ಡಬ್ಬಿಯ ಮೂಲೆ ಜಜ್ಜಿದೆ.’ ‘ಸಿಗರೇಟಿನ ವಾಸನೆ ಇದೆ.’ ನಾನು ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು. ಪ್ರತಿ ಶುಕ್ರವಾರ ಸಾಲಾಗಿ ನಿಂತು ವಾರದ ತಪ್ಪುಗಳನ್ನು ಒಪ್ಪಿಸುತ್ತಿದ್ದೆವು. ಹಾಗಾಗಿ ಇಲ್ಲಿ ಕೆಲಸಕ್ಕೆ ಸೇರಿದ ದಿನ ನನಗೆ ಹೊಸದೆನಿಸಲಿಲ್ಲ. ಒಪ್ಪಿಸುವ ಪಾಪಗಳು ಮಾತ್ರ ಚಿಕ್ಕವಾಗಿದ್ದವು, ಆಟಿಕೆ ರೈಲುಗಳ ಹಾಗೆ ಒಂದಕ್ಕೆ ನೂರೈವತ್ತರ ಅಳತೆಯಲ್ಲಿ.

ಇನ್ನೂರ ಹದಿನಾಲ್ಕನೇ ಪೆಟ್ಟಿಗೆ ಮಿನೆಗಿಶಿಯವರದು. ಅದರೊಳಗೆ ಒಂದೇ ಪ್ಲಾಟ್‌ಫಾರ್ಮಿನ ಪುಟ್ಟ ನಿಲ್ದಾಣ. ಅವರು ನಡೆದ ಹಳಿಯ ಕೊನೆಯ ನಿಲ್ದಾಣ ಅದು; ಈಗ ಅಲ್ಲಿ ರೈಲಿಲ್ಲ, ಹುಲ್ಲಿದೆ. ತಗಡಿನ ಮಾಡು, ಉಗುರಿನಷ್ಟು ಗಡಿಯಾರ, ಬೆಂಚಿನ ಮೇಲೆ ಅಕ್ಕಿಕಾಳಿನಷ್ಟು ಎತ್ತರದ ಒಬ್ಬ ಹೆಂಗಸು. ಹೆಂಗಸು ಅವರ ಹೆಂಡತಿ ತೋಕುಯೆ, ಮದುವೆಗೆ ಮುಂಚೆ, ಕೆಲಸ ಮುಗಿಸಿ ರೈಲಿನಲ್ಲಿ ಬರುವ ಇವರಿಗಾಗಿ ಅಲ್ಲಿ ಕಾಯುತ್ತಿದ್ದವರು. ಎಲ್ಲವೂ ಅವರೇ ಕೈಯಾರೆ ಮಾಡಿದ್ದು, ಆರು ವರ್ಷ ಹಿಡಿದು.

ಹನ್ನೊಂದು ವರ್ಷದ ಹಿಂದೆ ಅದೇ ತೋಕುಯೆ, ಇರುವ ಎರಡು ಕೋಣೆಯಲ್ಲಿ ಮೂರನೇ ಸಲ ಅದನ್ನು ಎಡವಿದಾಗ, “ರೀ, ಒಂದೋ ಈ ರೈಲು ಹೊರಡ್ಬೇಕು, ಇಲ್ಲಾ ನೀವು ಹೊರಡ್ಬೇಕು” ಎಂದರಂತೆ. ಯಾವುದೋ ಪ್ರಾಥಮಿಕ ಶಾಲೆಗೆ ಕೊಟ್ಟುಬಿಟ್ಟೆ ಎಂದು ಇವರು ಹೇಳಿದರು. ಅಂದಿನಿಂದ ಗಂಡ ಆರೋಗ್ಯಕ್ಕಾಗಿ ದಿನಾ ನಡೆಯುತ್ತಾರೆ ಎಂದೇ ತೋಕುಯೆ ತಿಳಿದಿದ್ದರು. ಇವರು ನಡೆದು ಬಂದು, ಗಾಜಿಗೆ ಮೂಗು ಒತ್ತಿ, ಉಸಿರಿನ ಮಂಜನ್ನು ತೋಳಿನಿಂದ ಒರೆಸಿ, ಮತ್ತೆ ನಡೆದು ಹೋಗುತ್ತಿದ್ದರು.

ಯಾರೂ ಕೊಳ್ಳಬಾರದೆಂದು ಬೆಲೆಯನ್ನು ತೊಂಬತ್ತೊಂಬತ್ತು ಲಕ್ಷದ ಮೇಲೆ ಇಟ್ಟಿದ್ದರು. ಏಳು ಒಂಬತ್ತುಗಳ ಬೇಲಿ. ನಿಯಮ ಮುರಿಯಲಿಲ್ಲ, ನಿಲ್ದಾಣವೂ ಕದಲಲಿಲ್ಲ.

ಈ ಹೊಸ ವರ್ಷದ ರಜೆ ಕಳೆದ ಮೇಲೆ ಮಾಲೀಕರು ಹೊಸ ಬಿಲ್ ಯಂತ್ರ ತಂದರು. ಅದಕ್ಕೆ ಐದೇ ಅಂಕಿ ಗೊತ್ತು.

“ಅಕ್ಕಾ, ಎರಡು ಒಂಬತ್ತು ಕಿತ್ರೆ ಬೇಲೀಲಿ ಕಂಡಿ ಬೀಳಲ್ವಾ?” ಎಂದರು ಮಿನೆಗಿಶಿ.

“ಒಂದು ಲಕ್ಷ ಯೆನ್‌ಗೆ ಒಂದು ಕಮ್ಮಿ. ಯಾರು ತಗೋತಾರೆ, ಬಿಡಿ.”

“ಯಾರು ತಗೋತಾರೆ ಅನ್ನೋದೇ ನನ್ನ ಪ್ರಶ್ನೆ.”

ಉತ್ತರ ಫೆಬ್ರವರಿಯಲ್ಲಿ ಬಂತು. ಯುಮೋತೋ ಎಂಬ ನಲವತ್ತರ ಹೆಂಗಸು. ಕೃತಕ ದವಡೆ ಹಲ್ಲು, ಕೋರೆ ಹಲ್ಲು ತಯಾರಿಸುವ ಕಾರ್ಯಾಗಾರದಲ್ಲಿ ಕೆಲಸ. ಊಟದ ಬಿಡುವಿನಲ್ಲಿ ಬಂದು, ಇನ್ನೂರ ಹದಿನಾಲ್ಕರ ಮುಂದೆ ನಿಂತು, ಚೀಲದಿಂದ ಭೂತಗನ್ನಡಿ ತೆಗೆದು ನೋಡುತ್ತಿದ್ದರು. ಮೊದಲ ದಿನ ಐದು ನಿಮಿಷ, ಮರುದಿನ ಹತ್ತು.

ಮಿನೆಗಿಶಿಯವರ ಕಾಲಿಗೆ ಆಗ ನಿಜವಾದ ಕೆಲಸ ಸಿಕ್ಕಿತು. ಮೆಟ್ಟಿಲು ಇಳಿಯುವುದು, ಹತ್ತುವುದು. ಎದುರಿನ ಯಂತ್ರದಿಂದ ಬಿಸಿ ಕಾಫಿಯ ಡಬ್ಬಿ ಕೊಂಡು, ಕುಡಿಯದೆ ಜೇಬಿಗಿಟ್ಟು, ಮತ್ತೆ ಹತ್ತುವುದು. ರೋಬೋಟುಗಳ ಸಾಲಿನ ಹಿಂದೆ ಅಡಗಿ ನಿಂತರೆ ಜೇಬಿನ ಡಬ್ಬಿಗಳು ಕಟಕಟ ಎನ್ನುತ್ತಿದ್ದವು.

“ಸುಮ್ನೆ ತೆಗೆದ್ಬಿಡಿ ಅದನ್ನ” ಎಂದೆ.

“ತೆಗೆದು? ಮನೆಗೆ ಒಯ್ಯೋ ಹಾಗಿಲ್ಲ. ರೈಲ್ವೆ ಸ್ಟೇಷನ್ ಲಾಕರ್‌ನಲ್ಲಿ ಇಟ್ರೆ ಮೂರೇ ದಿನ. ಬೇರೆ ಅಂಗಡೀಲಿ ಪೆಟ್ಟಿಗೆ ಕೇಳ್ದೆ, ನನ್ನ ಮುಂದೆ ನಲವತ್ತು ಜನ ಇದ್ದಾರಂತೆ. ಇಲ್ಲಿ ಒಂದು ವಾರ ಖಾಲಿ ಬಿಟ್ರೆ ನೀವೇ ಇನ್ನೊಬ್ರಿಗೆ ಕೊಡ್ತೀರಿ.”

“ಕೊಡ್ತೀನಿ” ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸನ್ಯಾಸಿನಿಯರು ಹಾಗೆ ಕೆಡಿಸಿಟ್ಟಿದ್ದಾರೆ.

ಮಿನೆಗಿಶಿಯವರಿಗೆ ಬರುತ್ತಿತ್ತು. ಮರುದಿನ ಅವರ ಚೀಟಿಯಲ್ಲಿ ಮೊದಲ ದೋಷ ಕಾಣಿಸಿತು: ‘ಸಿಗ್ನಲ್ ಕಂಬ ಅಲುಗಾಡುತ್ತದೆ.’ ನಾನು ನೋಡಿದಂತೆ ಅದು ಅಲುಗಾಡುತ್ತಿರಲಿಲ್ಲ. ಅದರ ಮರುದಿನ: ‘ಮಾಡಿನ ತಗಡಿಗೆ ತುಕ್ಕು.’ ಆಮೇಲೆ, ‘ಮೀನು ಹುರಿದ ವಾಸನೆ.’ ‘ಹಳಿಗಳ ಅಂತರ ಒಂದು ಕೂದಲೆಳೆ ಹೆಚ್ಚು.’ ಇದನ್ನು ಬರೆಯುವಾಗ ಹಳೆಯ ಹಳಿ ಪರೀಕ್ಷಕರು ಎರಡು ಸಲ ಪೆನ್ನು ಕೆಳಗಿಟ್ಟರು. ಶನಿವಾರದ ಹೊತ್ತಿಗೆ ದೋಷಗಳು ಎಂಟಾದವು.

ಇಲ್ಲೇ ಅವರು ಎಡವಿದ್ದು. ಬೇರೆ ಕಡೆ ದೋಷ ಕಂಡರೆ ಜನ ಹಿಂದೆ ಸರಿಯುತ್ತಾರೆ. ನಮ್ಮ ಬೀದಿಯಲ್ಲಿ ಹತ್ತಿರ ಬರುತ್ತಾರೆ. ಹಳಿಯ ಅಂತರವನ್ನು ಕೂದಲೆಳೆಯಲ್ಲಿ ಅಳೆದು ಒಪ್ಪಿಕೊಳ್ಳುವ ಮನುಷ್ಯ ಇನ್ನೇನನ್ನು ಮುಚ್ಚಿಟ್ಟಾನು ಎಂದು ಅವರ ಲೆಕ್ಕ. ಚೀಟಿ ಉದ್ದವಾದಷ್ಟೂ ಮುಂದಿನ ಗುಂಪು ದಪ್ಪವಾಯಿತು. ಯಾರೋ ಚೀಟಿಯ ಫೋಟೋ ಹಾಕಿದರಂತೆ; ಭಾನುವಾರ ಮೆಟ್ಟಿಲವರೆಗೂ ಸಾಲು ನಿಂತಿತು. ಮಿನೆಗಿಶಿ ಹೆದರಿ ಇನ್ನೂ ಮೂರು ಬರೆದರು. ಹನ್ನೊಂದನೆಯದು: ‘ಬೆಂಚಿನ ಹೆಂಗಸಿನ ಮೂಗು ಮುರಿದಿದೆ.’

ಬುಧವಾರ ಯುಮೋತೋ ಭೂತಗನ್ನಡಿಯನ್ನು ಹೊರಗೆ ತೆಗೆಯಲೇ ಇಲ್ಲ. ಒಂದು ಲಕೋಟೆ ಹಿಡಿದು ಸೀದಾ ನನ್ನ ಮುಂದೆ ನಿಂತರು.

“ಇನ್ನೂರ ಹದಿನಾಲ್ಕು ಕೊಡಿ.”

“ಇಷ್ಟೊಂದು ದೋಷ ಇದೆಯಲ್ಲಾ?”

“ಅದಕ್ಕೇ. ದಿನವಿಡೀ ಹೊಸ ಹಲ್ಲು ಮಾಡ್ತೀನಿ, ದೋಷವಿಲ್ಲದ್ದು ನೋಡಿ ನೋಡಿ ಸಾಕಾಗಿದೆ. ಆ ಮೂಗನ್ನ ನಾನೇ ಕೂರಿಸ್ತೀನಿ.”

ಕೊಳ್ಳುವವರು ಬಂದ ಮೇಲೆ ಇಲ್ಲವೆನ್ನುವ ಹಕ್ಕು ನನಗಿಲ್ಲ. ಬೀಗ ತೆಗೆದು, ನಿಲ್ದಾಣವನ್ನು ಮಖಮಲ್ಲಿನ ತಟ್ಟೆಯ ಮೇಲಿಟ್ಟು ತಂದೆ. ಇನ್ನು ಒಂದು ಕ್ರಮ ಉಳಿದಿತ್ತು: ಒಂದೊಂದು ದೋಷವನ್ನೂ ಗಟ್ಟಿಯಾಗಿ ಓದಬೇಕು, ಕೊಳ್ಳುವವರು ಒಂದೊಂದಕ್ಕೂ ‘ಒಪ್ಪಿದೆ’ ಎನ್ನಬೇಕು. ಜೀವನದಲ್ಲಿ ಅಷ್ಟು ನಿಧಾನವಾಗಿ ನಾನು ಏನನ್ನೂ ಓದಿದವಳಲ್ಲ.

“ಸಿಗ್ನಲ್... ಕಂಬ... ಅಲುಗಾಡುತ್ತದೆ.”

“ಒಪ್ಪಿದೆ.”

“ಮಾಡಿನ... ತಗಡಿಗೆ...”

“ತುಕ್ಕು. ಒಪ್ಪಿದೆ. ಗಂಟಲು ಕಟ್ಟಿದ್ಯಾ ನಿಮಗೆ?”

ಐದನೆಯದಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಆರನೆಯದಕ್ಕೆ ಕಾಫಿ ಡಬ್ಬಿಗಳು ಕಟಕಟ ಎಂದವು. ಮಿನೆಗಿಶಿ ಬಾಗಿಲಲ್ಲಿ ನಿಂತಿದ್ದರು. ಖಾಲಿ ಪೆಟ್ಟಿಗೆ ನೋಡಿದರು, ತಟ್ಟೆ ನೋಡಿದರು. ನಾನು ಏಳನ್ನು ಓದಿದೆ, ಎಂಟನ್ನು ಓದಿದೆ. ಅವರ ಮುಖ ಒಂದೊಂದಕ್ಕೂ ಸುತ್ತಿಗೆಯ ಪೆಟ್ಟು ತಿಂದಂತೆ ಕುಗ್ಗುತ್ತಿತ್ತು. ಒಂಬತ್ತು. ಹತ್ತು.

“ಹನ್ನೊಂದು. ಬೆಂಚಿನ ಹೆಂಗಸಿನ ಮೂಗು ಮುರಿದಿದೆ.”

“ಒಪ್ಪಿ—”

“ಇಲ್ಲ!” ಮಿನೆಗಿಶಿ ಕೂಗಿದರು. “ಮೂಗು ನೆಟ್ಟಗಿದೆ! ಒಂದೇ ಕೂದಲಿನ ಕುಂಚದಲ್ಲಿ ನಾಲ್ಕು ದಿನ ಮಾಡಿದ ಮೂಗು ಅದು. ಸಿಗ್ನಲ್ಲೂ ಅಲುಗಾಡಲ್ಲ. ನನ್ನ ಹಳೀಲಿ ಕೂದಲೆಳೆ ಅಲ್ಲ, ಅದರ ನೆರಳೂ ಹೆಚ್ಚಿಲ್ಲ. ಎಲ್ಲಾ ಸುಳ್ಳು, ನಾನೇ ಬರೆದಿದ್ದು.”

ಯುಮೋತೋ ಭೂತಗನ್ನಡಿ ತೆಗೆದು ಮೂಗನ್ನು ಬಹಳ ಹೊತ್ತು ನೋಡಿದರು.

“ಹೌದಲ್ಲಾ” ಎಂದರು ಬೇಜಾರಿನಿಂದ. “ಗಾಜಿನ ಹೊಳಪಿಗೆ ಗೊತ್ತಾಗ್ಲಿಲ್ಲ. ಅಲ್ಲಾ ತಾತಾ, ತಮ್ಮ ಸರಕನ್ನ ಹೊಗಳ್ಕೊಂಡು ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದ್ದೀನಿ. ಬೈಕೊಂಡು ಸುಳ್ಳು ಹೇಳೋರು ನೀವೇ ಮೊದಲು.”

ಚೀಟಿ ಸುಳ್ಳಾದರೆ ಮಾರಾಟ ರದ್ದು, ವಸ್ತು ಒಡೆಯನಿಗೆ ವಾಪಸ್ಸು. ಪೆಟ್ಟಿಗೆಯೂ ರದ್ದು. ಅದನ್ನು ಹೇಳುವ ಕೆಲಸ ನನ್ನದಾಯಿತು. ಮಿನೆಗಿಶಿ ತಲೆಯಾಡಿಸಿದರು. ಯುಮೋತೋ ಲಕೋಟೆ ಒಳಗಿಟ್ಟು, ಬಾಗಿಲವರೆಗೆ ಹೋಗಿ ತಿರುಗಿ, “ಯಾವತ್ತಾದ್ರೂ ಮೂಗು ಮುರಿದ್ರೆ ಹೇಳಿ ಕಳಿಸಿ” ಎಂದು ಹೊರಟುಹೋದರು.

ನಿಲ್ದಾಣವನ್ನು ಹತ್ತಿಯಲ್ಲಿ ಸುತ್ತಿ ಕಾಗದದ ಚೀಲದಲ್ಲಿಟ್ಟುಕೊಟ್ಟೆ. ಉಳಿಯಿತು, ಆದರೆ ಉಳಿಯಲು ಎಲ್ಲೂ ಜಾಗವಿಲ್ಲ. ಮೂರನೇ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ಮಿನೆಗಿಶಿ ಚೀಲವನ್ನು ಎದೆಗವಚಿಕೊಂಡು ರೈಲು ನಿಲ್ದಾಣದ ಕಡೆ ಹೋದರು, ಬಂದರು. ಓಣಿಗೆ ಹೋದರು, ಬಂದರು. ಏಪ್ರನ್ನಿನ ಹುಡುಗಿಯರು ಅವರಿಗೆ ತಲೆಬಾಗಿ ಬಾಗಿ ಸುಸ್ತಾದರು. ನಾಲ್ಕು ಗಂಟೆಗೆ ಮತ್ತೆ ನನ್ನ ಮುಂದೆ.

“ಅಕ್ಕಾ, ಮನೇಲಿ ಅವಳಿಗೆ ಏನಂತ ಹೇಳ್ಲಿ?”

“ಚೀಟಿ ಬರೆದು ಕೊಡಿ” ಎಂದು ಒಂದು ಖಾಲಿ ಚೀಟಿ ಮುಂದಿಟ್ಟೆ. “ಈ ಸಲ ನಿಮ್ಮದೇ ದೋಷ. ನಿಜವಾದ್ದು.”

ನಿಂತೇ ಬರೆದರು. ಬರೆದದ್ದನ್ನು ನಾನು ಓದಲಿಲ್ಲ. ಉದ್ದವಿತ್ತು ಎಂದಷ್ಟೇ ಹೇಳಬಲ್ಲೆ.

ಮರುದಿನ ಹನ್ನೊಂದಕ್ಕೆ ಷಟರ್ ಎತ್ತಿದರೆ ಅದೇ ಬೂಟು.

“ಏನಂದ್ರು?”

“ಬಾಗಿಲಲ್ಲೇ ನಿಲ್ಲಿಸಿ ಚೀಟಿ ಓದಿದ್ಲು. ‘ಹನ್ನೊಂದು ವರ್ಷದಿಂದ ಇನ್ಯಾವಳೋ ಇದ್ದಾಳೆ ಅನ್ಕೊಂಡಿದ್ದೆ, ಹೋಗಿ ಹೋಗಿ ನಾನೇನಾ’ ಅಂದ್ಲು.”

“ಕೋಪ?”

“ಕೋಪ ಆಮೇಲೆ. ಕನ್ನಡಕ ಹಾಕ್ಕೊಂಡು ನಿಲ್ದಾಣ ನೋಡಿದ್ಲು ನೋಡಿ, ಆಗ. ‘ರೀ, ಗಡಿಯಾರ ತಪ್ಪು. ಇದ್ರಲ್ಲಿ ನಾಲ್ಕೂ ಹತ್ತು ಅಂತಿದೆ. ನಿಮ್ಮ ರೈಲು ಒಂದಿನಾನೂ ನಾಲ್ಕೂ ಹತ್ತಕ್ಕೆ ಬಂದಿಲ್ಲ. ಆ ಚಳೀಲಿ ನಲವತ್ತು ನಿಮಿಷ ಕಾದಿದ್ದು ನಾನು’ ಅಂತ.” ಮಿನೆಗಿಶಿ ಕಾಲು ಬದಲಿಸಿದರು. “ಹನ್ನೊಂದು ದೋಷ ಬರೆದೆ, ಒಂದೂ ಇರ್ಲಿಲ್ಲ. ಇದ್ದ ಒಂದು ನನಗೆ ಗೊತ್ತೇ ಇರ್ಲಿಲ್ಲ, ಅಕ್ಕಾ.”

“ಈಗೆಲ್ಲಿದೆ ನಿಲ್ದಾಣ?”

“ಚಪ್ಪಲಿ ಕಪಾಟಿನ ಮೇಲೆ. ಗಡಿಯಾರ ಸರಿಯಾಗೋವರೆಗೆ ಅಂತೆ. ಮುಳ್ಳು ಸಿಗದೆ ಮನೆಗೆ ಬರ್ಬೇಡಿ ಅಂದಿದ್ದಾಳೆ.” ಕೂದಲಿಗಿಂತ ಸಣ್ಣ ತಾಮ್ರದ ತಂತಿ ಬೇಕು, ಓಣಿಯ ಮೂವರ ಬಳಿ ಇಲ್ಲ, ಇನ್ನು ಹದಿನೇಳು ಅಂಗಡಿ ಬಾಕಿ ಎಂದು ಅಷ್ಟು ಹೊತ್ತಿಗೇ ಲೆಕ್ಕ ಒಪ್ಪಿಸಿದರು. ಸರಿಯಾದ ಮೇಲೆ ಏನಾಗುತ್ತದೆಂದು ನಾನು ಕೇಳಲಿಲ್ಲ. ಅವರ ಬೂಟು ಬಾಗಿಲ ಕಡೆ ತಿರುಗಿಯಾಗಿತ್ತು.

ಆದರೂ ಅಭ್ಯಾಸಬಲ, ಇನ್ನೂರ ಹದಿನಾಲ್ಕರ ಮುಂದೆ ನಿಂತರು. ಅದು ಹಿಂದಿನ ಸಂಜೆಯೇ ಬೇರೆಯವರ ಪಾಲಾಗಿತ್ತು. ಒಳಗೆ ಆರು ರಬ್ಬರಿನ ಕಪ್ಪೆಗಳು ಕೂತಿದ್ದವು. ಮಿನೆಗಿಶಿ ಬಗ್ಗಿ ಚೀಟಿ ಓದಿದರು.

“‘ದೋಷ ಇಲ್ಲ’ ಅಂತೆ” ಎಂದು ಮೂಗು ಮುರಿದು, ಮೆಟ್ಟಿಲು ಇಳಿದು ಹೋದರು.